ಬಂದೂಕಿನ ಹಿಡಿಯ ಮರ

ರೈಫಲ್ ಬಂದೂಕಿನ ಲೋಹದ ಭಾಗಗಳನ್ನು ಹೊತ್ತು, ಬಳಸುವವರ ಭುಜಕ್ಕೆ ಆನಿಕೊಳ್ಳುವ ಮರದ ಭಾಗವನ್ನು ಹಿಡಿ ಅಥವಾ ಸ್ಟಾಕ್ ಎನ್ನುತ್ತಾರೆ. ಅದನ್ನು ಕೆತ್ತಲು ಸಿದ್ಧಪಡಿಸಿದ ದಪ್ಪ ಹಲಗೆಗೆ ಬ್ಲ್ಯಾಂಕ್ ಎಂದು ಹೆಸರು. ಮರದ ಜಾತಿ, ದಿಮ್ಮಿಯನ್ನು ಕೊಯ್ದ ಬಗೆ ಹಾಗೂ ಎಳೆಗಳು ಸಾಗುವ ದಿಕ್ಕು ಹಿಡಿಯ ಬಲವನ್ನೂ ಗುರಿಯ ನಿಖರತೆಯನ್ನೂ ನಿರ್ಧರಿಸುತ್ತವೆ.

ಮರದ ಜಾತಿಗಳು

ಯುರೋಪಿನಲ್ಲಿ ಬಹುಕಾಲದಿಂದ ಅಕ್ರೋಟ್ ಮರಕ್ಕೆ ಮೊದಲ ಸ್ಥಾನ. ಒಣಗಿದ ಅಕ್ರೋಟ್ ಘನಮೀಟರಿಗೆ ಸುಮಾರು 640 ಕಿಲೋಗ್ರಾಂ ತೂಗುತ್ತದೆ. ಅದು ಒದೆತವನ್ನು ತಾಳುತ್ತದೆ, ಉಳಿಯ ಕೆಲಸಕ್ಕೆ ಒಗ್ಗುತ್ತದೆ ಮತ್ತು ಹದಗೊಂಡ ಮೇಲೆ ಸುಲಭವಾಗಿ ಆಕಾರ ಕೆಡುವುದಿಲ್ಲ. ಅಮೆರಿಕದ ಎಂ1 ಗ್ಯಾರಂಡ್ ರೈಫಲಿಗೆ ಅಲ್ಲಿನ ಕಪ್ಪು ಅಕ್ರೋಟನ್ನು ಬಳಸಲಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಲೀ-ಎನ್‌ಫೀಲ್ಡ್ ರೈಫಲುಗಳಿಗೆ ಬೀಚ್ ಮತ್ತು ಬರ್ಚ್ ಮರಗಳೂ ಬಳಕೆಯಾದವು. ಜರ್ಮನಿಯು ತೆಳು ಪದರಗಳನ್ನು ಅಂಟಿಸಿದ ಮರವನ್ನು ಮೌಸರ್ ರೈಫಲುಗಳಿಗೆ ಉಪಯೋಗಿಸಿತು.

ಕೊಯ್ತದ ಬಗೆಗಳು

ಹಲಗೆಯ ಅಗಲ ಮುಖವು ದಿಮ್ಮಿಯ ತಿರುಳಿನಿಂದ ತೊಗಟೆಯತ್ತ ಚಾಚುವಂತೆ ಕೊಯ್ದರೆ ಅದು ಕ್ವಾರ್ಟರ್ ಕೊಯ್ತ. ಆ ಮುಖದಲ್ಲಿ ನೇರವಾದ ಸಮಾನಾಂತರ ಗೆರೆಗಳು ಕಾಣುತ್ತವೆ. ವಾರ್ಷಿಕ ಉಂಗುರಗಳಿಗೆ ಸ್ಪರ್ಶರೇಖೆಯಂತೆ ಕೊಯ್ದರೆ ಅದು ಚಪ್ಪಟೆ ಕೊಯ್ತ. ಅದರಲ್ಲಿ ಕಮಾನಿನಾಕಾರದ ಅಗಲ ಚಿತ್ತಾರಗಳು ಮೂಡುತ್ತವೆ.

ಮರವು ಒಣಗುವಾಗ ಉಂಗುರಗಳ ಗುಂಟ ಹೆಚ್ಚು, ಉಂಗುರಗಳಿಗೆ ಅಡ್ಡಲಾಗಿ ಕಡಿಮೆ ಕುಗ್ಗುತ್ತದೆ. ಹಸಿ ಕಪ್ಪು ಅಕ್ರೋಟ್ ಪೂರ್ತಿ ಒಣಗುವಾಗ ಈ ಪ್ರಮಾಣ ಕ್ರಮವಾಗಿ ಶೇ. 7.8 ಮತ್ತು ಶೇ. 5.5. ಈ ಅಂತರದಿಂದಾಗಿ ಚಪ್ಪಟೆ ಕೊಯ್ತದ ಹಲಗೆ ಡೊಂಕಾಗುವ ಸಂಭವ ಹೆಚ್ಚು. ಆದರೂ ನೇರ ಎಳೆಯುಳ್ಳ, ಚೆನ್ನಾಗಿ ಹದಗೊಂಡ ಚಪ್ಪಟೆ ಕೊಯ್ತದ ಹಲಗೆ ಬಳಕೆಗೆ ಯೋಗ್ಯವಾದುದೇ.

ಎಳೆಯ ದಿಕ್ಕು

ಹಿಡಿಯಲ್ಲಿ ಅತ್ಯಂತ ತೆಳುವಾದ ಭಾಗ ಅಂಗೈ ಸುತ್ತುವ ಕುತ್ತಿಗೆ. ಎಳೆಗಳು ಇಲ್ಲಿ ಉದ್ದಕ್ಕೆ, ಕುತ್ತಿಗೆಯ ಬಾಗನ್ನು ಅನುಸರಿಸಿ ಸಾಗಬೇಕು. ಅಡ್ಡ ಹಾಯ್ದರೆ ಗುಂಡು ಹಾರಿದಾಗಿನ ಒದೆತಕ್ಕೋ ಬಂದೂಕು ಕೆಳಗೆ ಬಿದ್ದಾಗಲೋ ಹಿಡಿ ಇಲ್ಲಿಯೇ ಸೀಳುತ್ತದೆ. ನಳಿಗೆಯ ಕೆಳಗಿನ ಮುಂಭಾಗದಲ್ಲಿಯೂ ಎಳೆ ನೇರವಾಗಿರಬೇಕು. ಆ ಭಾಗವು ತೇವಕ್ಕೆ ಉಬ್ಬಿ ಬಾಗಿ ನಳಿಗೆಯನ್ನು ಒತ್ತಿದರೆ ಗುಂಡು ತಾಗುವ ಸ್ಥಳವೇ ಬದಲಾಗುತ್ತದೆ. ಬೇರಿನ ಬುಡದಲ್ಲಿಯೂ ಕೊಂಬೆ ಕವಲೊಡೆಯುವಲ್ಲಿಯೂ ದೊರೆಯುವ ಸುರುಳಿ ಚಿತ್ತಾರದ ಮರ ನೋಡಲು ಚೆಲುವು, ಬಲದಲ್ಲಿ ಕಡಿಮೆ. ಆದಕಾರಣ ಅಂಥ ಚಿತ್ತಾರವು ಭುಜಕ್ಕೆ ಆನುವ ಹಿಂಭಾಗಕ್ಕೆ ಬರುವಂತೆ ಅಚ್ಚನ್ನು ಹಲಗೆಯ ಮೇಲಿಟ್ಟು, ತಿರುಗಿಸಿ ನೋಡಿ ಗುರುತು ಹಾಕುತ್ತಾರೆ.

ಹದಗೊಳಿಸುವಿಕೆ

ಕೊಯ್ದ ಹಲಗೆಯ ಎರಡೂ ತುದಿಗಳಿಗೆ ಮೇಣ ಬಳಿಯುತ್ತಾರೆ. ಇಲ್ಲವಾದರೆ ತುದಿಗಳು ಬೇಗ ಒಣಗಿ ಬಿರುಕು ಬಿಡುತ್ತವೆ. ನೆರಳಿನಲ್ಲಿ ಒಣಗಿಸಲು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ರೂಢಿಯ ಲೆಕ್ಕ. ಕೆತ್ತಿದ ಹಿಡಿಯ ಒಳಮೈಗೂ ಅಗಸೆ ಎಣ್ಣೆಯಂಥ ಲೇಪ ಕೊಟ್ಟರೆ ತೇವ ನಿಧಾನವಾಗಿ ಒಳಸೇರುತ್ತದೆ.

ಲಭ್ಯತೆ

ಅಕ್ರೋಟ್ ಮರ ಹಲಗೆಗೆ ತಕ್ಕಷ್ಟು ದಪ್ಪಗೊಳ್ಳಲು ಹಲವು ದಶಕಗಳು ಬೇಕು. ಮೊದಲನೆಯ ಮಹಾಯುದ್ಧದಲ್ಲಿ ಬಂದೂಕಿನ ಹಿಡಿಗೂ ವಿಮಾನದ ಪ್ರೊಪೆಲರಿಗೂ ಈ ಮರದ ಬೇಡಿಕೆ ಏರಿತು. 1918ರಲ್ಲಿ ಅಮೆರಿಕದ ಬಾಲಕ ಸ್ಕೌಟುಗಳು ಹಳ್ಳಿಹಳ್ಳಿಗಳಲ್ಲಿ ಕಪ್ಪು ಅಕ್ರೋಟ್ ಮರಗಳನ್ನು ಹುಡುಕಿ ಲೆಕ್ಕ ಹಾಕಿದರು. 1960ರ ದಶಕದಲ್ಲಿ ಬಂದ ಎಂ16 ರೈಫಲ್ ಪ್ಲಾಸ್ಟಿಕ್ ಹಿಡಿಯನ್ನು ಹೊಂದಿತ್ತು. ಬೇಟೆಯ ಮತ್ತು ಗುರಿ ಸ್ಪರ್ಧೆಯ ಬಂದೂಕುಗಳಲ್ಲಿ ಮರದ ಹಿಡಿ ಇಂದಿಗೂ ಬಳಕೆಯಲ್ಲಿದೆ.