ಮೂರು ಸಿಡಿಗಳ ಮದುವೆ

ಅಕ್ಕನ ಮದುವೆ ನಮ್ಮ ಮನೆಯಲ್ಲಿ ಮೂರು ಸಿಡಿಗಳಲ್ಲಿದೆ. ಮೊದಲನೆಯದರಲ್ಲಿ ವರಪೂಜೆ, ಎರಡನೆಯದರಲ್ಲಿ ಧಾರೆ, ಮೂರನೆಯದರಲ್ಲಿ ಊಟ ಮತ್ತು ಹೆಣ್ಣೊಪ್ಪಿಸುವ ಶಾಸ್ತ್ರ. ಹೀಗೆ ಪಾಲು ಮಾಡಿದ್ದು ಪುರೋಹಿತರಲ್ಲ, ವಿಸಿಡಿ. ಫಿಲಿಪ್ಸ್, ಸೋನಿ, ಜೆವಿಸಿ, ಮತ್ಸುಶಿಟಾ ಕಂಪನಿಗಳು ಸೇರಿ 1993ರಲ್ಲಿ ಗೊತ್ತುಮಾಡಿದ ಆ ಮಾದರಿಯಲ್ಲಿ ಒಂದು ಸಿಡಿಗೆ 74 ನಿಮಿಷದ ಚಿತ್ರ ಹಿಡಿಯುತ್ತಿತ್ತು. ನಮ್ಮದು ಮೂರು ಗಂಟೆಯ ಕ್ಯಾಸೆಟ್.

2004ರ ಜನವರಿಯಲ್ಲಿ, ಟಿವಿ ಕಾರ್ಡ್ ಇದ್ದ ಗೆಳೆಯನ ಕಂಪ್ಯೂಟರಿಗೆ ಅದನ್ನು ಇಳಿಸಿದೆ. ಫೈಲನ್ನು ಹಾಗೆಯೇ ಖಾಲಿ ಸಿಡಿಗೆ ನಕಲು ಮಾಡಿ ಮನೆಗೆ ತಂದೆ. ಅಜ್ಜಿ ಕನ್ನಡಕ ಒರೆಸಿಕೊಂಡು ಟಿವಿ ಮುಂದೆ ಕೂತರು. ಪ್ಲೇಯರ್ ‘ನೋ ಡಿಸ್ಕ್’ ಎಂದಿತು. ಕಂಪ್ಯೂಟರಿಗೆ ಅರ್ಥವಾಗುವ ಫೈಲು ಅದಕ್ಕೆ ಅರ್ಥವಾಗುತ್ತಿರಲಿಲ್ಲ. ನಮ್ಮ ಪಾಲ್ ಟಿವಿಗೆ ಒಪ್ಪುವಂತೆ 352×288 ಅಳತೆ, ಸೆಕೆಂಡಿಗೆ 25 ಚೌಕಟ್ಟು, ಎಂಪೆಗ್-1 ರೂಪ. ಅದೂ ಗೊತ್ತುಪಡಿಸಿದ ಫೋಲ್ಡರಿನಲ್ಲೇ ಇರಬೇಕು. ಒಂದೊಂದು ಸಿಡಿಗೆ ಒಂದೊಂದು ರಾತ್ರಿ ಹಿಡಿಯಿತು. ಮಧ್ಯೆ ಕರೆಂಟ್ ಹೋದರೆ ಸಿಡಿ ದಂಡ. ಇಡೀ ಮದುವೆಯನ್ನು ನುಂಗಬಲ್ಲ 4.7 ಜಿಬಿಯ ಡಿವಿಡಿ ಆಗಲೇ ಬಂದಿತ್ತು, ಆದರೆ ನಮ್ಮ ಪ್ಲೇಯರಿಗೆ ತಿಳಿದಿದ್ದು ವಿಸಿಡಿ ಮಾತ್ರ.

ಇಂಗ್ಲಿಷಿನವರು ಈ ಕೆಲಸವನ್ನು ಸುಡುವುದು ಎನ್ನುತ್ತಾರೆ. ನಾವು ‘ರೈಟ್ ಮಾಡೋದು’ ಎಂದೆವು. ಲೇಸರ್ ಕಿರಣ ಸಿಡಿಯೊಳಗಿನ ಬಣ್ಣದ ಪದರವನ್ನು ಕಾಯಿಸಿ ಗುರುತು ಮೂಡಿಸುತ್ತದೆ. ಬರೆದದ್ದು ಅಳಿಯುವುದಿಲ್ಲ ಎಂದು ನಂಬಿದೆ. ಬಿಸಿಲು, ಸೆಕೆಗೆ ಆ ಬಣ್ಣವೂ ಕೆಡುತ್ತದೆ ಎಂದು ತಿಳಿದದ್ದು ಬಹಳ ತಡವಾಗಿ.

ಮಾರ್ಚಿನಲ್ಲಿ ಮುಲ್ತಾನ್ ಟೆಸ್ಟ್ ಬಂತು. ಸಿಡಿ ಇದೆಯಲ್ಲ, ಇನ್ನು ಕ್ಯಾಸೆಟ್ ಯಾಕೆ ಅನ್ನಿಸಿತು. ಯಾರೂ ಅಳಿಸಬಾರದೆಂದು ಸ್ಟುಡಿಯೋದವರು ಮುರಿದಿಟ್ಟಿದ್ದ ಮೂಲೆಗೆ ಟೇಪು ಅಂಟಿಸಿ, ಅದರ ಮೇಲೆ ಸೆಹ್ವಾಗನ ತ್ರಿಶತಕದ ಆಟ ತುಂಬುವಷ್ಟು ತುಂಬಿಕೊಂಡೆ. ಯಾರಿಗೂ ಹೇಳಲಿಲ್ಲ.

ಕಳೆದ ದೀಪಾವಳಿಗೆ ಅಕ್ಕನ ಮಗಳು ಮದುವೆ ನೋಡಬೇಕೆಂದಳು. ಹಳೆಯ ಪ್ಲೇಯರ್ ಹೊರತೆಗೆದೆವು. ಎರಡು ಸಿಡಿ ಸರಾಗವಾಗಿ ಓಡಿದವು. ಮೂರನೆಯದರಲ್ಲಿ, ಹೆಣ್ಣೊಪ್ಪಿಸುವ ಹೊತ್ತಿಗೆ ಅಜ್ಜಿ ಸೋಬಾನೆ ಎತ್ತಿಕೊಂಡರು. ಎರಡನೇ ಸಾಲಿಗೆ ಅವರ ಮುಖ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು. ಒರೆಸಿದೆವು, ಮತ್ತೆ ಹಾಕಿದೆವು. ಅಲ್ಲಿಗೇ ಬಂದು ನಿಂತಿತು. ಅಜ್ಜಿ ಹೋಗಿ ಒಂಬತ್ತು ವರ್ಷ. ಅವರ ದನಿ ಬೇರೆಲ್ಲೂ ಇಲ್ಲ.

‘ಹೋಗಲಿ ಬಿಡೋ, ಕ್ಯಾಸೆಟ್ ಇದೆಯಲ್ಲ’ ಎಂದಳು ಅಕ್ಕ.

ಇದೆ. ಬೀರುವಿನಲ್ಲಿದೆ, ಸ್ವಲ್ಪವೂ ಕೆಟ್ಟಿಲ್ಲ. ಅದರಲ್ಲಿ ಸೆಹ್ವಾಗ್ ಆಡುತ್ತಿದ್ದಾನೆ ಎಂದು ಅವಳಿಗೆ ಅಂದು ರಾತ್ರಿ ಹೇಳಿದೆ.