ಹೊಟ್ಟೆಗೊಂದು ಬೆಳಕಿಂಡಿ

ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಂಥ ಊರಲ್ಲಿ ಟ್ರ್ಯಾಕ್ಟರಿನಿಂದ ಬಿದ್ದ ರೈತನ ಹೊಟ್ಟೆಯ ಮೇಲೆ ಗೀರೂ ಕಾಣದಿರಬಹುದು. ಒಳಗೆ ಮಾತ್ರ ಗುಲ್ಮ ಒಡೆದು ರಕ್ತ ತುಂಬುತ್ತಿರಬಹುದು. ಹೊರಗೆ ಕಾಣದ ಇಂಥ ಗಾಯವನ್ನು ತಿಳಿಯಲು ವೈದ್ಯರಿಗೆ ಬಹುಕಾಲ ಇದ್ದ ದಾರಿ ಒಂದೇ: ಹೊಟ್ಟೆ ಕೊಯ್ದು ನೋಡುವುದು. ಎಷ್ಟೋ ಸಲ ಒಳಗೆ ಏನೂ ಆಗಿರುತ್ತಿರಲಿಲ್ಲ. ರೋಗಿಗೆ ಉದ್ದನೆಯ ಹೊಲಿಗೆಯಷ್ಟೇ ಉಳಿಯುತ್ತಿತ್ತು.

ಮಾಳಿಗೆ ಮನೆಗೆ ಬೆಳಕಿಂಡಿ ಇಡುವಂತೆ ಹೊಟ್ಟೆಗೂ ಸಣ್ಣ ರಂಧ್ರವಿಟ್ಟು ನೋಡಬಹುದೆಂದು 1901ರಲ್ಲಿ ಜರ್ಮನಿಯ ಜಾರ್ಜ್ ಕೆಲ್ಲಿಂಗ್ ನಾಯಿಯೊಂದರ ಮೇಲೆ ತೋರಿಸಿದರು. ಸ್ವಾರಸ್ಯವೆಂದರೆ, ಗಾಳಿ ತುಂಬಿ ಅದರ ಒತ್ತಡದಿಂದ ಒಳಗಿನ ರಕ್ತಸ್ರಾವ ನಿಲ್ಲಿಸಬೇಕೆಂಬುದೇ ಅವರ ಮೂಲ ಆಲೋಚನೆ. 1910ರಲ್ಲಿ ಸ್ವೀಡನ್ನಿನ ಯಾಕೋಬಿಯಸ್ ಮನುಷ್ಯರ ಹೊಟ್ಟೆಯೊಳಗೆ ಇಣುಕಿದರು. 1956ರಲ್ಲಿ ಫ್ರಾನ್ಸಿನ ಲಾಮಿ ಮತ್ತು ಸಾರ್ಲೆ ಪೆಟ್ಟು ತಿಂದವರ ಗುಲ್ಮದ ಗಾಯವನ್ನು ಹೀಗೇ ಪತ್ತೆಹಚ್ಚಿದರು.

ನಮ್ಮ ಹಳ್ಳಿಗಳಿಗೆ ಈ ‘ಉದರದರ್ಶಕ’ ಪರಿಚಯವಾದದ್ದು ಗಾಯಾಳುಗಳಿಂದಲ್ಲ, 1980ರ ದಶಕದ ಸಂತಾನಹರಣ ಶಿಬಿರಗಳಿಂದ. 1990ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ ಇದೇ ವಿಧಾನದಲ್ಲಿ ಪಿತ್ತಕೋಶ ತೆಗೆದರು. ಭಾರತದಲ್ಲಿ ಅದೇ ಮೊದಲು. ನೋಡುವ ಕಣ್ಣಿಗೆ ಕೆಲಸ ಮಾಡುವ ಕೈಯೂ ಜೊತೆಯಾಯಿತು.

ಹೊಕ್ಕಳ ಬಳಿ ಸುಮಾರು 1 ಸೆಂ.ಮೀ. ರಂಧ್ರ ಮಾಡಿ, ಕಾರ್ಬನ್ ಡೈ ಆಕ್ಸೈಡ್ ತುಂಬಿ, ಕ್ಯಾಮೆರಾ ಇಳಿಸುತ್ತಾರೆ. ಚೂರಿ ಇರಿತದಿಂದ ವಪೆ ಹರಿದಿದ್ದರೆ ಸ್ಕ್ಯಾನಿಂಗ್‌ನಲ್ಲಿ ಅದು ತಪ್ಪಿಹೋಗುವುದುಂಟು. ಉದರದರ್ಶಕದಲ್ಲಿ ಕಾಣುತ್ತದೆ, ಅಲ್ಲೇ ಹೊಲಿಯಲೂಬಹುದು. ಏನೂ ಆಗಿಲ್ಲವೆಂದು ಖಚಿತವಾದರೆ ದೊಡ್ಡ ಕೊಯ್ತ ತಪ್ಪಿತು.

ಆದರೆ ರಕ್ತದೊತ್ತಡ ಕುಸಿದವರಿಗೆ ಇದು ಸಲ್ಲದು. ತುಂಬಿದ ಅನಿಲ ರಕ್ತನಾಳಗಳನ್ನು ಒತ್ತಿ, ಹೃದಯಕ್ಕೆ ಮರಳುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತದೆ. ಅಂಥವರ ಹೊಟ್ಟೆಯನ್ನು ಹಳೆಯ ರೀತಿಯಲ್ಲೇ, ತಡಮಾಡದೆ ತೆರೆಯಬೇಕು.

ಹಾಗಾಗಿ ಬೆಳಕಿಂಡಿಯ ಭಾಗ್ಯ ಯಾರಿಗೆಂಬುದು ಬಹುಮಟ್ಟಿಗೆ ದಾರಿಯಲ್ಲೇ ತೀರ್ಮಾನವಾಗುತ್ತದೆ. ಮುಡಬಿಯ ಗಾಯಾಳು ದೊಡ್ಡ ಆಸ್ಪತ್ರೆಗಾಗಿ ಬೀದರಿಗೋ ಕಲಬುರಗಿಗೋ ಹೋಗಬೇಕು. ಹೊಟ್ಟೆಗೆ ಪೆಟ್ಟು ಬಿದ್ದ ಮೇಲೆ ಎಡಭುಜ ನೋಯುವುದು, ತಣ್ಣನೆಯ ಬೆವರು, ತಲೆಸುತ್ತು ಕಂಡರೆ ‘ಬೆಳಗಾಗಲಿ ನೋಡೋಣ’ ಎನ್ನಬಾರದು. ನೀರು, ಚಹಾ ಕುಡಿಸದೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಒಂದು ಶತಮಾನಕ್ಕೂ ಮೀರಿದ ಈ ವಿದ್ಯೆ ಹಳ್ಳಿಯವನಿಗೆ ದಕ್ಕುವುದು ಅವನು ಹೊತ್ತಿಗೆ ಸರಿಯಾಗಿ ತಲುಪಿದರೆ ಮಾತ್ರ.