ದಕ್ಷಿಣದ ರೈಲು ಹತ್ತಿದವರು, ಹತ್ತದವರು

2010ರ ಅಕ್ಟೋಬರ್ 8ರಂದು ಪ್ರಾಗ್‌ನಲ್ಲಿ ಜೆಕ್ ಗಣರಾಜ್ಯದ ವಿರುದ್ಧ ಸ್ಕಾಟ್ಲೆಂಡ್ ಇಳಿಸಿದ ಹನ್ನೊಂದು ಮಂದಿಯಲ್ಲಿ ಸ್ಟ್ರೈಕರ್ ಒಬ್ಬರೂ ಇರಲಿಲ್ಲ. ಮ್ಯಾನೇಜರ್ ಕ್ರೇಗ್ ಲೆವೀನ್ ಹಿಂದೆ ನಾಲ್ವರನ್ನೂ ನಡುವೆ ಆರು ಮಂದಿಯನ್ನೂ ನಿಲ್ಲಿಸಿ ಮುಂದಿನ ಸಾಲನ್ನು ಖಾಲಿ ಬಿಟ್ಟಿದ್ದರು. ಗ್ಲಾಸ್ಗೊದ ರೇಂಜರ್ಸ್ ಪರ ಆ ಋತುವಿನಲ್ಲಿ ಗೋಲಿನ ಮೇಲೆ ಗೋಲು ಬಾರಿಸುತ್ತಿದ್ದ ಕೆನ್ನಿ ಮಿಲ್ಲರ್ ಬೆಂಚಿನಲ್ಲಿ ಕೂತಿದ್ದರು. ಡ್ರಾ ಸಿಕ್ಕರೆ ಸಾಕೆಂಬ ಲೆಕ್ಕಾಚಾರ ಕೈಕೊಟ್ಟು ಸ್ಕಾಟ್ಲೆಂಡ್ 1–0ರಿಂದ ಸೋತಿತು. ಲೆವೀನ್ ಹೆಸರಿಗೆ 4-6-0 ಎಂಬ ಅಂಕಿ ಇಂದಿಗೂ ಅಂಟಿಕೊಂಡಿದೆ.

ತನ್ನ ಗೋಲುಗಾರರನ್ನು ಸ್ಕಾಟ್ಲೆಂಡ್ ನಂಬದೇ ಹೋದದ್ದು ಅದೇ ಮೊದಲೇನಲ್ಲ. ಊರಿನಲ್ಲೇ ಉಳಿದು ಗೋಲು ಹೊಡೆದವರ ಲೆಕ್ಕವನ್ನು ಅರ್ಧಕ್ಕೆ ಇಳಿಸಿ ನೋಡುವುದು, ಗಡಿ ದಾಟಿ ಇಂಗ್ಲೆಂಡಿನಲ್ಲಿ ಗೆದ್ದವರಿಗೆ ಮಣೆ ಹಾಕುವುದು ಅಲ್ಲಿಯ ಹಳೆಯ ಚಾಳಿ. ಅಲ್ಲಿಯ ಸ್ಟ್ರೈಕರ್‌ಗಳ ಕಥೆಯನ್ನು ದಕ್ಷಿಣಕ್ಕೆ ಹೋಗುವ ರೈಲು ಹತ್ತಿದವರು, ಹತ್ತದವರು ಎಂದು ಎರಡು ಪಾಲು ಮಾಡಿ ಹೇಳಬಹುದು.

ಆ ರೈಲು ಹೊರಟಿದ್ದು ತೀರ ಹಿಂದೆಯೇ. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ 1872ರ ನವೆಂಬರ್ 30ರಂದು ಗ್ಲಾಸ್ಗೊದ ಪಾರ್ಟಿಕ್‌ನಲ್ಲಿ, ಒಂದು ಕ್ರಿಕೆಟ್ ಕ್ಲಬ್ಬಿನ ಮೈದಾನದಲ್ಲಿ ನಡೆಯಿತು. ಸ್ಕಾಟ್ಲೆಂಡ್ ತಂಡದ ಹನ್ನೊಂದೂ ಜನ ಕ್ವೀನ್ಸ್ ಪಾರ್ಕ್ ಕ್ಲಬ್ಬಿನವರು. ಇಂಗ್ಲಿಷರು ಚೆಂಡನ್ನು ಕಾಲಿಗಂಟಿಸಿಕೊಂಡು ಒಬ್ಬೊಬ್ಬರೇ ನುಗ್ಗುತ್ತಿದ್ದ ಕಾಲದಲ್ಲಿ ಇವರು ಪಾಸ್ ಮಾಡುತ್ತಾ ಆಡಿದರು. ಗೋಲು ಮಾತ್ರ ಯಾರಿಗೂ ಬರಲಿಲ್ಲ. 1885ರಲ್ಲಿ ಇಂಗ್ಲೆಂಡ್ ಆಟಗಾರರಿಗೆ ಸಂಬಳ ಕೊಡುವುದನ್ನು ಒಪ್ಪಿತು. ಸ್ಕಾಟ್ಲೆಂಡ್ ಒಪ್ಪಿದ್ದು 1893ರಲ್ಲಿ. ಆ ಎಂಟು ವರ್ಷಗಳಲ್ಲಿ ಲ್ಯಾಂಕಶೈರಿನ ಗಿರಣಿ ಊರುಗಳ ಕ್ಲಬ್ಬುಗಳು ಸ್ಕಾಟಿಷ್ ಆಟಗಾರರನ್ನು ಬಾಚಿಕೊಂಡವು.

ಸೆಂಟರ್ ಫಾರ್ವರ್ಡ್‌ನ ಕೆಲಸವನ್ನೇ ಬದಲಿಸಿದ್ದು 1925ರ ಆಫ್‌ಸೈಡ್ ತಿದ್ದುಪಡಿ. ಅದುವರೆಗೆ ಮುಂದಿರುವ ಆಟಗಾರ ಮತ್ತು ಗೋಲಿನ ನಡುವೆ ಎದುರಾಳಿಗಳು ಮೂವರಿರಬೇಕಿತ್ತು. ಇನ್ನು ಇಬ್ಬರಿದ್ದರೆ ಸಾಕಾಯಿತು. ಗೋಲುಗಳ ಮಳೆ ಸುರಿಯಿತು. ಅದನ್ನು ತಡೆಯಲು ತಂಡಗಳು ಸೆಂಟರ್ ಹಾಫನ್ನು ಹಿಂದಕ್ಕೆಳೆದು ಸ್ಟ್ರೈಕರ್‌ಗೆ ಕಾವಲು ಹಾಕಿದವು. ಈ ಕಾವಲನ್ನು ಮೀರಿದ ಇಬ್ಬರು ಸ್ಕಾಟರು ಒಂದೇ ಕಾಲದವರು, ಇಬ್ಬರೂ ಕುಳ್ಳರು, ಮಿಕ್ಕಂತೆ ಒಬ್ಬರು ಉತ್ತರವಾದರೆ ಇನ್ನೊಬ್ಬರು ದಕ್ಷಿಣ.

ಹ್ಯೂಯಿ ಗಾಲಹರ್ ಹುಟ್ಟಿದ್ದು ಗ್ಲಾಸ್ಗೊ ಪಕ್ಕದ ಕಲ್ಲಿದ್ದಲು ಊರು ಬೆಲ್ಸ್‌ಹಿಲ್‌ನಲ್ಲಿ, 1903ರಲ್ಲಿ. ಏರ್‌ಡ್ರಿಯೋನಿಯನ್ಸ್‌ನಿಂದ 1925ರ ಕೊನೆಗೆ ನ್ಯೂಕಾಸಲ್‌ಗೆ ಹೋದರು. 1926–27ರಲ್ಲಿ ನಾಯಕರಾಗಿ 36 ಲೀಗ್ ಗೋಲು ಹೊಡೆದು ಕ್ಲಬ್ಬಿಗೆ ಪ್ರಶಸ್ತಿ ಗೆದ್ದುಕೊಟ್ಟರು. ನ್ಯೂಕಾಸಲ್ ಆಮೇಲೆ ಇಂಗ್ಲಿಷ್ ಲೀಗನ್ನು ಇಂದಿಗೂ ಗೆದ್ದಿಲ್ಲ. ಸ್ಕಾಟ್ಲೆಂಡ್ ಪರ ಆಡಿದ್ದು 20 ಪಂದ್ಯ, ಹೊಡೆದ ಗೋಲುಗಳು ಪಂದ್ಯಗಳಿಗಿಂತ ಹೆಚ್ಚು. ಕೋಪ, ಕುಡಿತ, ರೆಫರಿಗಳ ಜೊತೆ ಜಗಳ ಜೀವನಪೂರ್ತಿ ಬೆನ್ನುಬಿಡಲಿಲ್ಲ. 1957ರಲ್ಲಿ ಗೇಟ್ಸ್‌ಹೆಡ್‌ನಲ್ಲಿ ರೈಲಿಗೆ ತಲೆಕೊಟ್ಟರು.

ಗ್ಲಾಸ್ಗೊದ ಸೆಲ್ಟಿಕ್ ಕ್ಲಬ್ಬಿನ ಜಿಮ್ಮಿ ಮೆಗ್ರೋರಿ ಊರು ಬಿಡಲಿಲ್ಲ. ಲೀಗ್‌ನಲ್ಲಿ 408 ಪಂದ್ಯಗಳಿಗೆ 410 ಗೋಲು. ಎಲ್ಲ ಸೇರಿದರೆ 550. ಅಗಲ ಭುಜದ ಈ ಗಿಡ್ಡ ಆಳು ನೆಲಕ್ಕೆ ಸಮನಾಗಿ ಗಾಳಿಯಲ್ಲಿ ಹಾರಿ ತಲೆಯಿಂದ ಚೆಂಡು ಗುದ್ದುತ್ತಿದ್ದರು. 1925ರ ಸ್ಕಾಟಿಷ್ ಕಪ್ ಫೈನಲ್ ಅಂಥದೇ ಹೆಡರ್‌ನಿಂದ ಸೆಲ್ಟಿಕ್ ಪಾಲಾಯಿತು. 1928ರ ಜನವರಿಯಲ್ಲಿ ಡನ್‌ಫರ್ಮ್‌ಲಿನ್ ವಿರುದ್ಧ ಒಂದೇ ಪಂದ್ಯದಲ್ಲಿ ಎಂಟು ಗೋಲು. ಅದೇ ವರ್ಷ ಸೆಲ್ಟಿಕ್ ಅವರನ್ನು ಆರ್ಸೆನಲ್‌ಗೆ ಮಾರಲು ಹೊರಟಿತು. ಲೂರ್ಡ್ಸ್ ಯಾತ್ರೆಗೆಂದು ಕರೆದೊಯ್ದ ಮ್ಯಾನೇಜರ್ ವಿಲ್ಲಿ ಮೇಲಿ ದಾರಿಯಲ್ಲಿ ಲಂಡನ್ನಿನಲ್ಲಿ ಆರ್ಸೆನಲ್‌ನ ಹರ್ಬರ್ಟ್ ಚಾಪ್‌ಮನ್ ಭೇಟಿ ಮಾಡಿಸಿದರು. ಮೆಗ್ರೋರಿ ಹೋಗುವಾಗಲೂ ಇಲ್ಲವೆಂದರು, ಬರುವಾಗಲೂ ಇಲ್ಲವೆಂದರು. ಕ್ಲಬ್ ಈ ನಿಷ್ಠೆಗೆ ಕೊಟ್ಟ ಬಹುಮಾನವೆಂದರೆ ಜೊತೆಗಾರರಿಗಿಂತ ಕಡಿಮೆ ಸಂಬಳ. ಅದು ಅವರಿಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಅವರಿಗೆ ದೇಶದ ಅಂಗಿ ಸಿಕ್ಕಿದ್ದು ಏಳೇ ಸಲ. 1928ರ ಮಾರ್ಚ್ 31ರಂದು ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 5–1ರಿಂದ ಬಡಿದು 'ವೆಂಬ್ಲಿ ಮಾಂತ್ರಿಕರು' ಎನಿಸಿಕೊಂಡ ತಂಡದಲ್ಲಿ ಎಂಟು ಮಂದಿ ಇಂಗ್ಲಿಷ್ ಲೀಗಿನ ಕ್ಲಬ್ಬುಗಳವರು. ಸೆಂಟರ್ ಫಾರ್ವರ್ಡ್ ಗಾಲಹರ್, ಮೆಗ್ರೋರಿಗೆ ಜಾಗವಿರಲಿಲ್ಲ. ಅವರು ವೆಂಬ್ಲಿಯಲ್ಲಿ ಒಮ್ಮೆಯೂ ಆಡಲಿಲ್ಲ. 1933ರಲ್ಲಿ ಗ್ಲಾಸ್ಗೊದ ಹ್ಯಾಂಪ್ಡನ್‌ನಲ್ಲಿ ಅದೇ ಇಂಗ್ಲೆಂಡ್ ವಿರುದ್ಧ ಎರಡೂ ಗೋಲು ಹೊಡೆದು 2–1ರಿಂದ ಗೆಲ್ಲಿಸಿದರು. ಆಯ್ಕೆಗಾರರು ಗಾಲಹರ್ ಅವರನ್ನು ಮೆಚ್ಚಿದ್ದು ತಪ್ಪೆನ್ನಲಾರೆ, ಕಾಲಿನ ಚಳಕದಲ್ಲಿ ಅವರ ಸಮ ಯಾರೂ ಇರಲಿಲ್ಲ. ಆದರೆ ಏಳು ಎಂಬ ಸಂಖ್ಯೆಗೆ ಯಾವ ಸಮರ್ಥನೆಯೂ ಇಲ್ಲ.

ಡೆನಿಸ್ ಲಾ ಅವರಿಗೆ ಊರಿನ ಕ್ಲಬ್ಬಿಗೆ ಆಡುವ ಪ್ರಸಂಗವೇ ಬರಲಿಲ್ಲ. ಅಬರ್ಡೀನ್‌ನ ಮೀನುಗಾರರ ಮನೆಯ ಏಳು ಮಕ್ಕಳಲ್ಲಿ ಕೊನೆಯವರು; ಮೆಳ್ಳೆಗಣ್ಣು, ಕನ್ನಡಕ, ಕಡ್ಡಿಯಂಥ ಮೈ. ಹದಿನೈದಕ್ಕೇ ಹಡರ್ಸ್‌ಫೀಲ್ಡ್‌ಗೆ ಹೋದರು, ಹದಿನೆಂಟಕ್ಕೆ ಸ್ಕಾಟ್ಲೆಂಡ್ ತಂಡ ಸೇರಿದರು. ಇಂಗ್ಲೆಂಡಿನಲ್ಲಿ ಆಗ ವಾರದ ಸಂಬಳಕ್ಕೆ ಮಿತಿಯಿತ್ತು. 1961ರಲ್ಲಿ ಅದು ರದ್ದಾಯಿತು. ಆ ವರ್ಷವೇ ಲಾ ಇಟಲಿಯ ಟೊರಿನೊ ಸೇರಿ, ಮರುವರ್ಷ 1,15,000 ಪೌಂಡಿಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದರು. ಕರೆತಂದ ಮ್ಯಾಟ್ ಬಸ್ಬಿಯೂ ಬೆಲ್ಸ್‌ಹಿಲ್‌ನವರೇ. ಅಂಗಿಯ ತೋಳಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಆಡುತ್ತಿದ್ದ ಲಾ ಅಲ್ಲಿ 237 ಗೋಲು ಹೊಡೆದರು. 1964ರ ಬ್ಯಾಲನ್ ಡಿ'ಓರ್ ಅವರದಾಯಿತು. ಅದನ್ನು ಪಡೆದ ಇನ್ನೊಬ್ಬ ಸ್ಕಾಟ್ ಇಲ್ಲ.

ಜನ ಮರೆಯದ ಗೋಲು ಅವರು ಮರೆಯಬಯಸಿದ ಗೋಲು. 1974ರ ಏಪ್ರಿಲ್ 27, ಓಲ್ಡ್ ಟ್ರಾಫರ್ಡ್. ಲಾ ಈಗ ಮ್ಯಾಂಚೆಸ್ಟರ್ ಸಿಟಿಯವರು. ಯುನೈಟೆಡ್ ಕೆಳದರ್ಜೆಗೆ ಜಾರುವ ಅಂಚಿನಲ್ಲಿದೆ. ಆಟ ಮುಗಿಯುತ್ತ ಬಂದಾಗ ಗೋಲಿಗೆ ಬೆನ್ನು ಮಾಡಿ ನಿಂತಿದ್ದ ಲಾ ಕಾಲ ಬಳಿ ಬಂದ ಚೆಂಡನ್ನು ಹಿಮ್ಮಡಿಯಿಂದ ಒಳಗೆ ತಳ್ಳಿದರು. ಕೈ ಎತ್ತಲಿಲ್ಲ, ನಗಲಿಲ್ಲ. ತಲೆ ತಗ್ಗಿಸಿ ಮೈದಾನ ಬಿಟ್ಟರು. ಬೇರೆಡೆಯ ಫಲಿತಾಂಶಗಳಿಂದ ಯುನೈಟೆಡ್ ಹೇಗೂ ಕೆಳಗಿಳಿಯುವುದಿತ್ತು. ಲೀಗ್ ಫುಟ್‌ಬಾಲ್‌ನಲ್ಲಿ ಅದೇ ಅವರ ಕೊನೆಯ ಆಟ. 2025ರ ಜನವರಿಯಲ್ಲಿ ತೀರಿಕೊಂಡರು.

ಈ ನಡುವೆ ವಿಚಿತ್ರವೊಂದಿದೆ. ಲಾ ಜೊತೆ ಟೊರಿನೊದಲ್ಲಿದ್ದ ಜೋ ಬೇಕರ್ ಹುಟ್ಟಿದ್ದು ಲಿವರ್‌ಪೂಲ್, ಬೆಳೆದದ್ದು ಸ್ಕಾಟ್ಲೆಂಡ್. 1959–60ರಲ್ಲಿ ಹೈಬರ್ನಿಯನ್ ಪರ 42 ಲೀಗ್ ಗೋಲು ಹೊಡೆದರೂ ಹುಟ್ಟೂರಿನ ನಿಯಮದಿಂದಾಗಿ ಇಂಗ್ಲೆಂಡ್ ತಂಡಕ್ಕೇ ಆಡಬೇಕಾಯಿತು. ಇಂದಾದರೆ ತಾಯ್ತಂದೆಯರ ಹುಟ್ಟೂರಿನ ಕಾಗದವೊಂದು ಸಾಕು.

ಕೆನ್ನಿ ಡಾಲ್‌ಗ್ಲಿಷ್ ರೈಲು ಹತ್ತಿದ್ದು 1977ರಲ್ಲಿ, 4,40,000 ಪೌಂಡಿಗೆ ಸೆಲ್ಟಿಕ್‌ನಿಂದ ಲಿವರ್‌ಪೂಲ್‌ಗೆ. ದೇಶಕ್ಕೆ ಅವರದೂ ಲಾ ಅವರದೂ 30 ಗೋಲು. ಲಾ 55 ಪಂದ್ಯದಲ್ಲಿ ಮುಗಿಸಿದರೆ ಇವರಿಗೆ 102 ಬೇಕಾಯಿತು. ಆದರೆ ಡಾಲ್‌ಗ್ಲಿಷ್ ಗೋಲು ಹೊಡೆಯುವುದಕ್ಕಿಂತ ಹೊಡೆಸುವುದರಲ್ಲಿ ಗಟ್ಟಿಗರು. ಮುಂದಿನ ಹಲ್ಲು ಕಳೆದುಕೊಂಡು ಎದುರಾಳಿಗಳನ್ನು ಹೆದರಿಸುತ್ತಿದ್ದ ಜೋ ಜೋರ್ಡನ್ 1974, 78, 82ರ ಮೂರೂ ವಿಶ್ವಕಪ್‌ಗಳಲ್ಲಿ ಗೋಲು ಹೊಡೆದರು.

ರೈಲಿಳಿದು ಮರಳಿ ಬಂದವರು ಆಲಿ ಮೆಕಾಯ್ಸ್ಟ್, ಮತ್ತೆ ಬೆಲ್ಸ್‌ಹಿಲ್‌ನವರು. ಸಂಡರ್‌ಲ್ಯಾಂಡ್‌ನಲ್ಲಿ 56 ಲೀಗ್ ಪಂದ್ಯಗಳಲ್ಲಿ ಎಂಟೇ ಗೋಲು ಹೊಡೆದು 1983ರಲ್ಲಿ ರೇಂಜರ್ಸ್‌ಗೆ ಬಂದಾಗ ಅಭಿಮಾನಿಗಳು ಮೊದಮೊದಲು ಗೇಲಿ ಮಾಡಿದರು. ಹದಿನೈದು ವರ್ಷದ ನಂತರ ಹೊರಡುವಾಗ ಲೆಕ್ಕ 355ಕ್ಕೆ ಮುಟ್ಟಿತ್ತು. ಆ ದಿನಗಳಲ್ಲಿ ರೈಲೇ ಹಿಂದುಮುಂದಾಗಿತ್ತು: ಹೈಸೆಲ್ ಮೈದಾನದಲ್ಲಿ ಅಭಿಮಾನಿಗಳು ಸತ್ತ ದುರಂತದ ನಂತರ ಇಂಗ್ಲಿಷ್ ಕ್ಲಬ್ಬುಗಳಿಗೆ ಯುರೋಪಿಯನ್ ಟೂರ್ನಿಗಳ ಬಾಗಿಲು ಮುಚ್ಚಿತ್ತು, ಇಂಗ್ಲೆಂಡಿನ ಟೆರ್ರಿ ಬುಚರ್‌ರಂಥವರು ಉತ್ತರಕ್ಕೆ ಬಂದರು. 1991–92, 1992–93 ಎರಡರಲ್ಲೂ ತಲಾ 34 ಲೀಗ್ ಗೋಲು ಹೊಡೆದ ಮೆಕಾಯ್ಸ್ಟ್ ಯುರೋಪಿನಲ್ಲೇ ಹೆಸರಾದರು.

ಆಮೇಲೆ ಊರಿನ ಗೋಲುಗಳ ಲೆಕ್ಕ ಇಳಿಸಿ ನೋಡುವ ಆ ಹಳೆಯ ಚಾಳಿ ನಿಯಮವಾಗಿಯೇ ಬಂತು. 1996–97ರಿಂದ, ಲೀಗ್ ಆಟದಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಯುರೋಪಿನ ಗೋಲ್ಡನ್ ಬೂಟ್‌ಗೆ ಲೀಗ್‌ಗಳ ತೂಕ ನೋಡಿ ಗುಣಿಸತೊಡಗಿದರು. ದೊಡ್ಡ ಲೀಗ್‌ಗಳ ಗೋಲಿಗೆ ಎರಡು ಅಂಕ, ಸ್ಕಾಟ್ಲೆಂಡ್‌ನದಕ್ಕೆ ಒಂದೂವರೆ. ಅಷ್ಟಾದರೂ 2001ರಲ್ಲಿ ಅದನ್ನು ಗೆದ್ದದ್ದು ಸೆಲ್ಟಿಕ್ ಆಟಗಾರನೇ, ಆದರೆ ಹೆನ್ರಿಕ್ ಲಾರ್ಸನ್ ಸ್ವೀಡನ್ನಿನವರು. 1995ರ ಬೋಸ್ಮನ್ ತೀರ್ಪು ಯುರೋಪಿನ ಆಟಗಾರರ ಓಡಾಟವನ್ನು ಮುಕ್ತಗೊಳಿಸಿದ ನಂತರ ಗ್ಲಾಸ್ಗೊದ ಎರಡೂ ದೊಡ್ಡ ಕ್ಲಬ್ಬುಗಳ ಮುಂದಿನ ಸಾಲು ಹೊರಗಿನವರಿಂದ ತುಂಬಿತು. ಸ್ಥಳೀಯ ಹುಡುಗರಿಗೆ ಜಾಗ ಎಲ್ಲಿಂದ ಬರಬೇಕು?

ಜಾಗ ಹಿಡಿದವರಿಗೂ ಮರ್ಯಾದೆ ಸಿಗಲಿಲ್ಲ. 2008ರ ಅಕ್ಟೋಬರ್‌ನಲ್ಲಿ ನಾರ್ವೆ ವಿರುದ್ಧ ಗೋಲು ಬೇಕಿದ್ದಾಗ ರೇಂಜರ್ಸ್‌ನ ಕ್ರಿಸ್ ಬಾಯ್ಡ್ ಬೆಂಚಿನಲ್ಲೇ ಉಳಿದರು. ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿದ್ದ ಕ್ರಿಸ್ ಇವೆಲುಮೊ ಇಳಿದರು. ಮೂರು ಗಜ ದೂರದಿಂದ, ತೆರೆದ ಗೋಲಿನ ಮುಂದೆ ಇವೆಲುಮೊ ಚೆಂಡನ್ನು ಹೊರಗೆ ಕಳಿಸಿದರು. ಪಂದ್ಯ 0–0. ತಮ್ಮನ್ನು ಇಳಿಸದ ಮ್ಯಾನೇಜರ್ ಇರುವವರೆಗೆ ದೇಶಕ್ಕೆ ಆಡೆನೆಂದು ಬಾಯ್ಡ್ ಘೋಷಿಸಿದರು. 1969ರಲ್ಲಿ ಕಾಲಿನ್ ಸ್ಟೀನ್ ನಂತರ ಸ್ಕಾಟ್ಲೆಂಡ್ ಪರ ಹ್ಯಾಟ್ರಿಕ್ ಬರಲು 2015 ಆಗಬೇಕಾಯಿತು. ಸ್ಟೀವನ್ ಫ್ಲೆಚರ್ ಹೊಡೆದದ್ದೂ ಜಿಬ್ರಾಲ್ಟರ್ ವಿರುದ್ಧ.

ಈಗಿನವರಲ್ಲಿ ಚೇ ಆ್ಯಡಮ್ಸ್ ಲೆಸ್ಟರ್‌ನಲ್ಲಿ ಹುಟ್ಟಿದವರು, ಲಿಂಡನ್ ಡೈಕ್ಸ್ ಆಸ್ಟ್ರೇಲಿಯಾದಲ್ಲಿ. ಆ್ಯಡಮ್ಸ್ 2024ರಲ್ಲಿ ಸೇರಿದ ಕ್ಲಬ್, ಲಾ ಹಿಂದೆ ಆಡಿದ ಟೊರಿನೊ. 2024ರ ಯುರೋದಲ್ಲಿ ಸ್ಕಾಟ್ಲೆಂಡ್ ಲೆಕ್ಕಕ್ಕೆ ಬಂದ ಎರಡು ಗೋಲುಗಳಲ್ಲಿ ಒಂದು ಜರ್ಮನ್ ಡಿಫೆಂಡರ್ ತಮ್ಮದೇ ಗೋಲಿಗೆ ಹೊಡೆದದ್ದು, ಇನ್ನೊಂದು ಮಿಡ್‌ಫೀಲ್ಡರ್ ಸ್ಕಾಟ್ ಮೆಕ್‌ಟೊಮಿನೆ ಅವರದು. 2025ರ ನವೆಂಬರ್ 18ರಂದು ಹ್ಯಾಂಪ್ಡನ್‌ನಲ್ಲಿ ಡೆನ್ಮಾರ್ಕನ್ನು 4–2ರಿಂದ ಸೋಲಿಸಿ, 1998ರ ನಂತರ ಮೊದಲ ಬಾರಿಗೆ ವಿಶ್ವಕಪ್‌ಗೆ ದಾರಿ ಮಾಡಿಕೊಂಡಾಗಲೂ ಮಿಡ್‌ಫೀಲ್ಡರ್‌ಗಳದ್ದು ಎರಡು ಗೋಲು, ಡಿಫೆಂಡರ್‌ನದು ಒಂದು. ಸ್ಟ್ರೈಕರ್ ಹೊಡೆದದ್ದು ಒಂದೇ, ಅದು ಹಾರ್ಟ್ಸ್‌ನ ಲಾರೆನ್ಸ್ ಶ್ಯಾಂಕ್‌ಲ್ಯಾಂಡ್ ಅವರದು. ಅವರು ಆಟ ಆರಂಭಿಸಿದ್ದು ಕ್ವೀನ್ಸ್ ಪಾರ್ಕ್‌ನಲ್ಲಿ. ನಡುವೆ ಬೆಲ್ಜಿಯಂಗೆ ಹೋಗಿಬಂದದ್ದುಂಟು. ಇಂಗ್ಲೆಂಡಿನ ಯಾವ ಕ್ಲಬ್ಬಿಗೂ ಅವರು ಹೋದವರಲ್ಲ.